ಹುಡುಗನ ಪ್ರೀತಿಗೆ ನಗು, ಹುಡುಗಿಯ ಪ್ರೀತಿಗೆ ದಿಗಿಲು

ಶಾಲೆಗೆ ಹೋಗುವ ವಯಸ್ಸಿನ ಪ್ರೀತಿಯನ್ನು ಸಿನಿಮಾದಲ್ಲಿ ತೋರಿಸಬಹುದೇ? ತೋರಿಸಿದರೂ ಅದೇ ವಯಸ್ಸಿನ ಮಕ್ಕಳು ಅದನ್ನು ನೋಡಬಹುದೇ? ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಆದರೆ ಹೆಚ್ಚು ಕಡಿಮೆ ಒಂದು ವರ್ಷದ ಅಂತರದಲ್ಲಿ ಬಂದ ಎರಡು ಕನ್ನಡ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ನಮ್ಮ ಒಪ್ಪಿಗೆ ಎಲ್ಲಿಗೆ ಮುಗಿಯುತ್ತದೆ, ಆತಂಕ ಎಲ್ಲಿಂದ ಶುರುವಾಗುತ್ತದೆ ಎಂಬುದು ಗೊತ್ತಾಗುತ್ತದೆ.

ಮೊದಲನೆಯದು ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 2018ರ ಆಗಸ್ಟ್‌ನಲ್ಲಿ ತೆರೆಗೆ ಬಂತು, ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಜಾಲ್ಸೂರು ದಾಟಿ ಸ್ವಲ್ಪ ಮುಂದೆ ಹೋದರೆ ಕಾಸರಗೋಡು ಜಿಲ್ಲೆ. ಗಡಿಯಾಚೆಯ ಕನ್ನಡದ ಮಕ್ಕಳು ಸುಳ್ಯ, ಪುತ್ತೂರಿನ ಕಾಲೇಜುಗಳಿಗೆ ಬಂದು ಓದುವುದು ಹಿಂದಿನಿಂದಲೂ ನಡೆದುಬಂದ ಪದ್ಧತಿ. ಹಾಗಾಗಿ ಆ ಚಿತ್ರದ ಊರು, ಮಾತು, ಮೇಷ್ಟ್ರು ಎಲ್ಲವೂ ಈ ಕಡೆಯವರಿಗೆ ಮನೆಯದೇ ಅನ್ನಿಸಿತು. ಕನ್ನಡ ಶಾಲೆ ಉಳಿಸಿಕೊಳ್ಳುವ ಹೋರಾಟ ಅದರ ಮುಖ್ಯ ಕಥೆ. ಅದರ ನಡುವೆಯೇ ಪ್ರವೀಣ ಎಂಬ ಹುಡುಗನಿಗೆ ಸಹಪಾಠಿ ಪಲ್ಲವಿಯ ಮೇಲೆ ಮನಸ್ಸು. ಅವಳು ಎದುರು ಬಂದರೆ ಅವನ ನಾಲಿಗೆ ತಡವರಿಸುತ್ತದೆ, ಗೆಳೆಯರ ನಡುವೆ ಪೈಪೋಟಿ ಹುಟ್ಟುತ್ತದೆ. ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ಅದಕ್ಕೆ ನಕ್ಕರು. ‘ಮಕ್ಕಳ ಸಿನಿಮಾದಲ್ಲಿ ಇದೆಂತದು’ ಎಂಬ ತಕರಾರು ದೊಡ್ಡದಾಗಿ ಏಳಲೇ ಇಲ್ಲ.

ಎರಡನೆಯದು ರೂಪಾ ರಾವ್ ಅವರ ‘ಗಂಟುಮೂಟೆ’. 2019ರ ಅಕ್ಟೋಬರ್‌ನಲ್ಲಿ ಬಂತು. ನ್ಯೂಯಾರ್ಕ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿಯೂ ಸಿಕ್ಕಿತು. ತೊಂಬತ್ತರ ದಶಕದ ಬೆಂಗಳೂರಿನ ಹೈಸ್ಕೂಲು, ತೇಜು ಬೆಳವಾಡಿ ನಟಿಸಿದ ಮೀರಾ, ನಿಶ್ಚಿತ್ ಕೊರೋಡಿ ನಟಿಸಿದ ಮಧು. ಸಲ್ಮಾನ್ ಖಾನನ ಹುಚ್ಚು ಹತ್ತಿದ ಹುಡುಗಿಗೆ ತರಗತಿಯ ಹುಡುಗನಲ್ಲಿ ಆ ಹೀರೊ ಕಾಣುತ್ತಾನೆ. ಇಡೀ ಕಥೆಯನ್ನು ಹೇಳುವವಳು ಅವಳೇ. ಇಲ್ಲಿ ನೋಡುವ ಕಣ್ಣು ಹುಡುಗಿಯದು, ಆ ನೋಟಕ್ಕೆ ಸಿಕ್ಕವನು ಹುಡುಗ. ಒಲವು, ನಾಚಿಕೆ, ಪರೀಕ್ಷೆಯ ಒತ್ತಡ, ಕಳೆದುಕೊಂಡ ದುಃಖ, ಆ ದುಃಖವನ್ನು ಹೊತ್ತುಕೊಂಡೇ ಎದ್ದು ನಡೆಯುವುದು, ಎಲ್ಲವೂ ಅವಳ ಪಾಲಿನದೇ. ಈ ಕಡೆ ನನಗೆ ಪರಿಚಯದವರಲ್ಲಿ ಹೆಚ್ಚಿನವರು ಇದನ್ನು ನೋಡಿದ್ದು ಥಿಯೇಟರಿನಲ್ಲಿ ಅಲ್ಲ, ಆಮೇಲೆ ಮೊಬೈಲಿನಲ್ಲಿ, ಒಬ್ಬೊಬ್ಬರೇ. ಸಿನಿಮಾ ಒಳ್ಳೆಯದುಂಟು, ಆದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ಧೈರ್ಯ ಸಾಲದು ಎನ್ನುವ ಧಾಟಿಯ ಮಾತನ್ನೂ ಕೇಳಿದ್ದೇನೆ.

ಎರಡೂ ಚಿತ್ರಗಳಲ್ಲಿ ಇರುವುದು ಶಾಲೆಯ ವಯಸ್ಸು, ಅದೇ ಯೂನಿಫಾರ್ಮು, ಅದೇ ಎದೆಬಡಿತ. ಹುಡುಗನಿಗೆ ಆದದ್ದು ತುಂಟತನ, ಹುಡುಗಿಗೆ ಆದದ್ದು ಅಪಾಯ. ಪರ ವಿರೋಧದ ವಾದಗಳನ್ನು ತೂಗುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಬೇಡ ಎನ್ನುವವರ ಮಾತನ್ನು ಮೊದಲು ಪೂರ್ತಿಯಾಗಿ ಕೇಳೋಣ. ಅವರನ್ನು ಹಳೆಯ ಕಾಲದವರು ಎಂದು ಪಕ್ಕಕ್ಕೆ ಸರಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ.

ಗುತ್ತಿಗಾರು, ಬಿಳಿನೆಲೆ, ಈಶ್ವರಮಂಗಲದಂಥ ಊರುಗಳ ಒಳಗಿನಿಂದ ಹೊರಡುವ ಹುಡುಗಿಗೆ ಕಾಲೇಜು ಎಂದರೆ ಮೊದಲು ಬಸ್ಸು. ತೋಟದ ದಾರಿಯಲ್ಲಿ ನಡೆದು, ಮಳೆಗಾಲದಲ್ಲಿ ಉಕ್ಕುವ ತೋಡು ದಾಟಿ, ನಿಂತುಕೊಂಡೇ ಪೇಟೆಗೆ ಹೋಗಿ, ಸಂಜೆಯ ಬಸ್ಸು ತಪ್ಪದಂತೆ ಓಡಿ ಬರಬೇಕು. ಅವಳ ಓದು ನಡೆಯುವುದು ಮನೆಯವರ ನಂಬಿಕೆಯ ಮೇಲೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕಂಡರು, ಯಾರೋ ಹೇಳಿದರು ಎಂಬಷ್ಟಕ್ಕೇ ಫೋನು ಕಸಿಯಲಾಗುತ್ತದೆ, ಕೆಲವು ಮನೆಗಳಲ್ಲಿ ಓದೂ ನಿಲ್ಲುತ್ತದೆ, ಜಾತಕ ಹೊರಗೆ ಬರುತ್ತದೆ. ಹುಡುಗನ ಓದು ಹಾಗೆ ನಿಲ್ಲುವುದು ಅಪರೂಪ. ಇದು ಅನ್ಯಾಯ ಎಂದು ಗೊತ್ತಿದ್ದೂ ತಾಯಂದಿರು ಹೆದರುವುದು ಬೆಲೆ ತೆರಬೇಕಾದವಳು ಮಗಳೇ ಎಂಬ ಕಾರಣಕ್ಕೆ.

ಕಾನೂನಿನ ಭಯವೂ ಸಣ್ಣದಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ಪರಸ್ಪರ ಇಷ್ಟಪಟ್ಟೇ ಹತ್ತಿರವಾದರೂ ಹುಡುಗಿಯ ಮನೆಯವರು ದೂರು ಕೊಟ್ಟರೆ ಹತ್ತೊಂಬತ್ತರ ಹುಡುಗ ಜೈಲು ಸೇರಬೇಕಾಗಬಹುದು. ಇಂಥ ಪ್ರಕರಣಗಳನ್ನು ಕಂಡೇ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಬೇಕೆಂದು ಹೇಳಿತು. 2023ರಲ್ಲಿ ಕಾನೂನು ಆಯೋಗ ಹದಿನೆಂಟರ ಮಿತಿ ಹಾಗೆಯೇ ಇರಲಿ, ಹದಿನಾರರಿಂದ ಹದಿನೆಂಟರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಲಯಕ್ಕೆ ವಿವೇಚನೆ ಇರಲಿ ಎಂದು ಶಿಫಾರಸು ಮಾಡಿತು. ಸಿನಿಮಾದಲ್ಲಿ ಹಾಡು ಮುಗಿದ ಮೇಲೆ ಹೀರೊ ಸಬ್ ಜೈಲಿನಲ್ಲಿ ಕೂರುವ ದೃಶ್ಯ ಬರುವುದಿಲ್ಲ. ಊರಿನಲ್ಲಿ ಬರುತ್ತದೆ.

ಇನ್ನೊಂದು ಆಕ್ಷೇಪ ಸಿನಿಮಾದ ಮೇಲೆಯೇ ಇದೆ. 1987ರ ‘ಪ್ರೇಮಲೋಕ’ದಿಂದ 2006ರ ‘ಮುಂಗಾರು ಮಳೆ’ಯವರೆಗೆ ನಮ್ಮ ಜನಪ್ರಿಯ ಚಿತ್ರಗಳಲ್ಲಿ ಹುಡುಗಿಯ ಹಿಂದೆ ಬೀಳುವುದೇ ಪ್ರೀತಿಯ ಮೊದಲ ಮೆಟ್ಟಿಲು. 2007ರ ‘ಚೆಲುವಿನ ಚಿತ್ತಾರ’ದಲ್ಲಿ ಮೆಕ್ಯಾನಿಕ್ ಹುಡುಗನೊಂದಿಗೆ ಶಾಲಾ ಹುಡುಗಿ ಮನೆಬಿಟ್ಟು ಹೋಗುತ್ತಾಳೆ. ಆ ಪಾತ್ರ ಮಾಡಿದ ಅಮೂಲ್ಯ ಆಗ ನಿಜವಾಗಿಯೂ ಶಾಲಾ ವಯಸ್ಸಿನವರು, ನಾಯಕ ಗಣೇಶ್ ಮೂವತ್ತರ ಆಸುಪಾಸಿನವರು. ಚಿತ್ರದ ಕೊನೆ ದಾರುಣ, ಆದರೆ ಮಕ್ಕಳ ಬಾಯಲ್ಲಿ ಉಳಿದದ್ದು ಹಾಡು. ಹಿಂಬಾಲಿಸಿ ಪೀಡಿಸುವುದನ್ನು 2013ರಲ್ಲಿ ಕಾನೂನು ಅಪರಾಧ ಎಂದು ಬರೆದುಕೊಂಡಿತು. ತೆರೆಯ ಮೇಲಿನ ಹೀರೊ ಮಾತ್ರ ಆ ಚಾಳಿಯನ್ನು ಪೂರ್ತಿ ಬಿಟ್ಟಿಲ್ಲ.

ಇದೆಲ್ಲದರ ಮೇಲೆ ನಮ್ಮ ಜಿಲ್ಲೆಯ ಬೀದಿ ಇದೆ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಜ್ಯೂಸ್ ಅಂಗಡಿಯಲ್ಲಿ ಕೂತರೆ, ಬಸ್ಸಿನಲ್ಲಿ ಮಾತಾಡಿದರೆ ಅಡ್ಡಗಟ್ಟುವ ನೈತಿಕ ಪೊಲೀಸ್‌ಗಿರಿ ದಕ್ಷಿಣ ಕನ್ನಡಕ್ಕೆ ಅಂಟಿದ ಕಳಂಕ. ಪ್ರೀತಿ ಎಲ್ಲವನ್ನೂ ಗೆಲ್ಲುತ್ತದೆ ಎಂದು ನಂಬಿಸುವ ಚಿತ್ರ ಇಲ್ಲಿಯ ಮಕ್ಕಳನ್ನು ಹಲ್ಲೆಯ ಬಾಯಿಗೆ ದೂಡೀತು ಎಂಬ ಅಂಜಿಕೆಗೆ ಕಾರಣವಿದೆ. ನಾಗರಾಜ್ ಮಂಜುಳೆಯವರ ಮರಾಠಿ ಚಿತ್ರ ‘ಸೈರಾಟ್’ 2016ರಲ್ಲಿ ಆ ನಂಬಿಕೆಯನ್ನು ಕೊನೆಯ ದೃಶ್ಯದಲ್ಲಿ ನಿರ್ದಾಕ್ಷಿಣ್ಯವಾಗಿ ಮುರಿಯಿತು. ಮರುವರ್ಷ ಅದೇ ಕಥೆ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೂ ಬಂತು. ಅಷ್ಟು ನೇರವಾಗಿ ಪರಿಣಾಮವನ್ನು ತೋರಿಸುವ ಚಿತ್ರಗಳು ಕಡಿಮೆ.

ಇನ್ನು ಬೇಕು ಎನ್ನುವವರ ಮಾತು. ಹದಿನಾರರಲ್ಲಿ ಮನಸ್ಸು ಒಬ್ಬರ ಕಡೆ ವಾಲುವುದಕ್ಕೆ ಸಿನಿಮಾ ಬೇಕಾಗಿಲ್ಲ ಎಂಬುದು ಅವರ ಮೊದಲ ವಾದ. ಟಾಕೀಸು ಬರುವ ಮೊದಲೂ ವಾಲುತ್ತಿತ್ತು. ನಮ್ಮ ಹಿರಿಯರು ರಾತ್ರಿಯಿಡೀ ಕೂತು ನೋಡಿದ ಯಕ್ಷಗಾನದಲ್ಲೇ ರುಕ್ಮಿಣಿ ಕಲ್ಯಾಣವಿತ್ತು. ಅಣ್ಣ ಗೊತ್ತು ಮಾಡಿದ ಶಿಶುಪಾಲ ಬೇಡ ಎಂದು ತಾನು ಮೆಚ್ಚಿದ ಕೃಷ್ಣನಿಗೆ ತಾನೇ ಓಲೆ ಕಳಿಸಿ, ಅವನ ರಥ ಏರಿ ಹೋದ ಹುಡುಗಿ ಅವಳು. ದೇವಸ್ಥಾನದ ಅಂಗಳದಲ್ಲಿ ಚಾಪೆ ಹಾಸಿ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡೇ ಆ ಕಥೆ ನೋಡಿದೆವು. ರುಕ್ಮಿಣಿಯನ್ನು ಒಪ್ಪಿದವರು ಮೀರಾಳನ್ನು ಏಕೆ ಒಪ್ಪಬಾರದು?

ಈ ವಾದಕ್ಕೆ ಬಲವಿದೆ, ಮಿತಿಯೂ ಇದೆ. ರುಕ್ಮಿಣಿಯ ವೇಷ ಹಾಕುತ್ತಿದ್ದವನು ಪ್ರಾಯ ಬಂದ ಗಂಡಸು. ಅವಳು ಪುರಾಣದವಳು, ಒಲಿದವನು ದೇವರು. ತೆರೆಯ ಮೇಲಿನ ಹುಡುಗಿ ನಮ್ಮ ಮಗಳದೇ ಬ್ಯಾಗು ಹಾಕಿಕೊಂಡಿರುತ್ತಾಳೆ, ನಮ್ಮ ಮಗಳಂತೆಯೇ ಲೆಕ್ಕದ ಪರೀಕ್ಷೆಗೆ ಹೆದರುತ್ತಾಳೆ. ದೂರದ ಕಥೆಯನ್ನು ಒಪ್ಪಿದವರು ಹತ್ತಿರದ ಕಥೆಗೆ ಬೆದರುವುದು ಮನುಷ್ಯ ಸಹಜ. ಆದರೆ ಹದಿನಾರರ ಹುಡುಗಿಗೆ ಆಸರೆಯಾಗುವುದೂ ಆ ಹತ್ತಿರದ ಕಥೆಯೇ. ತನಗೆ ಆಗುತ್ತಿರುವುದು ಇನ್ನೊಬ್ಬಳಿಗೂ ಆಗಿದೆ, ಅವಳು ಅದರಿಂದ ಸತ್ತುಹೋಗಲಿಲ್ಲ, ಕೆಟ್ಟವಳೂ ಆಗಲಿಲ್ಲ ಎಂದು ಕಾಣುವುದು ಒಂಟಿ ಮಗುವಿಗೆ ದೊಡ್ಡ ಧೈರ್ಯ. ಹೆಚ್ಚಿನ ಮನೆಗಳಲ್ಲಿ ಇಂಥ ಮಾತಿಗೆ ಜಾಗವಿಲ್ಲ. ಶಾಲೆಯಲ್ಲಿ ಜೀವಶಾಸ್ತ್ರದ ಪಾಠ ಮುಗಿಯುತ್ತದೆ, ಮನಸ್ಸಿನ ಪಾಠ ಶುರುವೇ ಆಗುವುದಿಲ್ಲ.

ಮಕ್ಕಳ ಮನಸ್ಸಿಗೂ ಜಾಗ ಬೇಕೆಂಬ ಮಾತು ಪುತ್ತೂರಿಗೆ ಹೊಸತಲ್ಲ ಎಂದೂ ಬೇಕು ಎನ್ನುವವರು ನೆನಪಿಸಬಹುದು. ಮಕ್ಕಳ ಕಲಿಕೆಗೆ ಕುಣಿತ, ನಾಟಕ, ಬಣ್ಣ ಬೇಕೆಂದು ಇಲ್ಲಿಯ ಬಾಲವನದಲ್ಲಿ ಪ್ರಯೋಗ ಮಾಡಿದ ಶಿವರಾಮ ಕಾರಂತರು, 1930ರಲ್ಲೇ ‘ಡೊಮಿಂಗೋ’ ಎಂಬ ಮೂಕಿ ಚಿತ್ರ ಮಾಡಿದವರು, 1936ರಲ್ಲಿ ಜಾತಿಯ ಗೆರೆ ದಾಟಿ ಬಂಟ ಸಮುದಾಯದ ಲೀಲಾ ಅವರ ಕೈ ಹಿಡಿದವರು. ಅದು ಇಬ್ಬರು ಪ್ರಾಯಸ್ಥರು ಯೋಚಿಸಿ ತೆಗೆದುಕೊಂಡ ತೀರ್ಮಾನ, ಶಾಲಾ ಮಕ್ಕಳ ಒಲವಿಗೆ ಅದನ್ನು ಸಮ ಮಾಡಲಾಗದು. ಆದರೂ ಮನಸ್ಸಿನ ಮಾತನ್ನು ಮುಚ್ಚಿಡುವುದೇ ಊರಿನ ಸಂಸ್ಕೃತಿ ಎಂಬ ವಾದಕ್ಕೆ ಅದು ಉತ್ತರವಂತೂ ಹೌದು.

ಎರಡೂ ಕಡೆಯವರಿಗೆ ಒಂದೊಂದು ಕುರುಡು ಜಾಗವಿದೆ ಎಂದು ನನಗೆ ತೋರುತ್ತದೆ. ಬೇಕು ಎನ್ನುವವರು ಹೆಚ್ಚಾಗಿ ತಮ್ಮ ಮಕ್ಕಳಿಗೆ ರಕ್ಷಣೆ ಇರುವ ಜಾಗದಿಂದ ಮಾತಾಡುತ್ತಾರೆ. ಅಡಿಕೆ ಸುಲಿದು ಸಂಬಳ ತರುವ ತಾಯಿಯ ಮಗಳು ಎಡವಿದರೆ ಅವಳನ್ನು ಎತ್ತಲು ವಕೀಲರಿಲ್ಲ, ಆಪ್ತಸಮಾಲೋಚಕರಿಲ್ಲ, ಮತ್ತೊಂದು ಕಾಲೇಜೂ ಇಲ್ಲ. ಬೇಡ ಎನ್ನುವವರು ಸಿನಿಮಾ ತಡೆದರೆ ವಿಷಯ ತಡೆದಂತೆ ಎಂದು ನಂಬುತ್ತಾರೆ. ಪುತ್ತೂರಿನ ಅರುಣಾದಲ್ಲೋ ಸುಳ್ಯದ ಸಂತೋಷ್‌ನಲ್ಲೋ ಟಿಕೆಟ್ ತೆಗೆದರೆ ಮಾತ್ರ ಸಿನಿಮಾ ಎಂಬ ಕಾಲ ಮುಗಿಯಿತು. ಈಗ ಮಕ್ಕಳಿಗೆ ಸಿಗುವುದು ಅರ್ಧ ನಿಮಿಷದ ರೀಲು. ಅದರಲ್ಲಿ ಹಾಡಿದೆ, ನೋಟವಿದೆ, ಪರಿಣಾಮವಿಲ್ಲ. ಪೂರ್ತಿ ಸಿನಿಮಾ ಕನಿಷ್ಠ ಕೊನೆಯವರೆಗೆ ಕರೆದುಕೊಂಡು ಹೋಗುತ್ತದೆ. ‘ಗಂಟುಮೂಟೆ’ಯ ಕೊನೆ ತಿಳಿದ ಮಗುವಿಗೂ ಒಂದು ತುಣುಕು ಮಾತ್ರ ನೋಡಿದ ಮಗುವಿಗೂ ಬಹಳ ಅಂತರವಿದೆ.

ಈ ಭಾಗದಲ್ಲಿ ಸಿನಿಮಾಕ್ಕೆ ಸಿಗುವ ದೊಡ್ಡ ಮೆಚ್ಚುಗೆ ‘ಮನೆಮಂದಿಯೆಲ್ಲ ಕೂತು ನೋಡಬಹುದು’ ಎಂಬುದು. ತುಳು ಹಾಸ್ಯ ಚಿತ್ರಗಳ ಯಶಸ್ಸಿನ ಹಿಂದೆಯೂ ಆ ಮಾತಿದೆ. ಯಾರೂ ಮುಖ ತಿರುಗಿಸಬೇಕಾದ ದೃಶ್ಯವಿಲ್ಲ ಎಂದು ಅದರ ಅರ್ಥ. ಅಂಥ ದೃಶ್ಯ ಇದ್ದರೆ ತೀರ್ಮಾನ ಮನೆಯವರದು. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ಯು/ಎ ಪ್ರಮಾಣಪತ್ರವನ್ನು 7, 13, 16 ವರ್ಷ ಎಂದು ಮೂರಾಗಿ ಒಡೆದು, ಮಕ್ಕಳಿಗೆ ಏನು ತೋರಿಸಬೇಕೆಂಬ ವಿವೇಚನೆಯನ್ನು ಹೆತ್ತವರ ಕೈಗೇ ಕೊಟ್ಟಿದೆ. ಆ ವಿವೇಚನೆ ರಿಮೋಟಿನ ಗುಂಡಿ ಒತ್ತಿದಲ್ಲಿಗೆ ಮುಗಿಯಬಾರದು. ಮುಜುಗರದ ದೃಶ್ಯ ಬಂದಾಗ ಎದ್ದು ನೀರು ಕುಡಿಯಲು ಹೋಗುವ ಅಪ್ಪ ಮಗಳಿಗೆ ಒಂದು ಪಾಠ ಹೇಳಿಯೇ ಹೋಗುತ್ತಾನೆ: ಈ ವಿಷಯ ನನ್ನ ಹತ್ತಿರ ಎತ್ತಬೇಡ ಎಂದು. ಮುಂದೆ ಯಾರಾದರೂ ಅವಳನ್ನು ಕಾಡಿದರೆ, ಬೆದರಿಸಿದರೆ, ಆಗಲೂ ಅವಳು ಅಪ್ಪನ ಹತ್ತಿರ ಬರುವುದಿಲ್ಲ.

ಆದ್ದರಿಂದ ನನ್ನ ತೂಕ ತೋರಿಸುವ ಕಡೆಗೆ ವಾಲುತ್ತದೆ, ಆದರೆ ಷರತ್ತಿನೊಂದಿಗೆ. ಹುಡುಗಿಗೆ ಬೇಕು, ಬೇಡ ಎನ್ನುವ ಬಾಯಿ ಕೊಟ್ಟ ಚಿತ್ರವನ್ನೂ, ಅವಳನ್ನು ಗೆಲ್ಲಬೇಕಾದ ಬಹುಮಾನವಾಗಿಸಿದ ಚಿತ್ರವನ್ನೂ ಒಂದೇ ಬುಟ್ಟಿಗೆ ಹಾಕಬಾರದು. ತೋರಿಸಿದ ಮೇಲೆ ಮಾತಾಡಬೇಕು. ಹೈಕೋರ್ಟು ಅದೇ 2022ರ ತೀರ್ಪಿನಲ್ಲಿ ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಸುವ ವ್ಯವಸ್ಥೆ ಆಗಬೇಕೆಂದಿತು. ಕಲಂಗಳನ್ನು ಓದಿಸಿದರೆ ಮಕ್ಕಳು ಆಕಳಿಸಬಹುದು. ಒಂದು ಸಿನಿಮಾ ತೋರಿಸಿ, ಆ ಹುಡುಗನಿಗೆ ಹತ್ತೊಂಬತ್ತಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ ಕಿವಿ ನಿಮಿರುತ್ತದೆ. ಇದಕ್ಕೆ ಕರ್ನಾಟಕದಲ್ಲಿ ಮಾದರಿಯಿದೆ. ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1973ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ಚಿತ್ರಸಮಾಜ, ಹಳ್ಳಿಯ ಜನರಿಗೆ ಜಗತ್ತಿನ ಸಿನಿಮಾ ತೋರಿಸಿ ಚರ್ಚೆಗೆ ಕೂರಿಸಿತು. ಪುತ್ತೂರು, ಸುಳ್ಯ, ಕಡಬದ ಪಿಯು ಕಾಲೇಜುಗಳಲ್ಲಿ ಪ್ರೊಜೆಕ್ಟರ್ ಇದೆ, ಸಭಾಂಗಣವಿದೆ, ಒಳ್ಳೆಯ ಉಪನ್ಯಾಸಕರೂ ಇದ್ದಾರೆ.

ಆ ಚರ್ಚೆಗೆ ಹುಡುಗಿಯರನ್ನಷ್ಟೇ ಕೂರಿಸಿ ಎಚ್ಚರಿಕೆ ಹೇಳಿ ಕಳಿಸಿದರೆ ಹಳೆಯ ತಪ್ಪೇ ಮುಂದುವರಿಯುತ್ತದೆ. ಪ್ರವೀಣನಿಗೆ ನಕ್ಕು, ಮೀರಾಗೆ ಬೆದರಿದ ಪ್ರೇಕ್ಷಕರು ನಾವು. ಬೆಲೆ ತೆರುವವಳು ಹುಡುಗಿ ಎಂಬ ಹೆತ್ತವರ ಮಾತು ನಿಜವಾದರೆ, ಆ ಬೆಲೆ ಇಳಿಸುವ ಹೊಣೆ ಹುಡುಗರದೂ ಹೌದು, ಅವರನ್ನು ಬೆಳೆಸಿದ ಮನೆಗಳದೂ ಹೌದು. ಬೇಡ ಎಂದವಳ ಹಿಂದೆ ಹೋಗಬಾರದು, ಒಪ್ಪಿದವಳ ಹೆಸರನ್ನು ಗೆಳೆಯರ ಗುಂಪಿನಲ್ಲಿ ಹಂಚಬಾರದು, ಅವಳ ಓದು ನಿಲ್ಲುವಂತೆ ನಡೆದುಕೊಳ್ಳಬಾರದು ಎಂದು ಮಗನಿಗೆ ಹೇಳುವ ಮನೆಗಳು ಹೆಚ್ಚಿದಷ್ಟೂ, ಮಗಳಿಗೆ ಸಿನಿಮಾ ತೋರಿಸಲು ಹೆದರುವ ಕಾರಣಗಳು ಕಡಿಮೆಯಾಗುತ್ತವೆ.