ಬೆಳ್ಳಂದೂರಿನ ಕೋಡಿ ನೋಡುವ ತಾಣವಾಗಲಿ

ಸಾಫ್ಟ್‌ವೇರ್ ನೌಕರಿಯ ನಿಮಿತ್ತ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿದ ತಂದೆತಾಯಂದಿರು ಬೆಳ್ಳಂದೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೇರಳವಾಗಿದ್ದಾರೆ. ನಾನೂ ನನ್ನ ಪತ್ನಿಯೂ ಆ ಗುಂಪಿಗೆ ಸೇರಿದವರು. ಸಿಯಾಟಲ್ ನಗರದಲ್ಲಿರುವ ಮಗಳ ಮನೆಗೆ ಜುಲೈ ತಿಂಗಳಲ್ಲಿ ಹೋಗಿದ್ದಾಗ, ಒಂದು ಭಾನುವಾರ ಅವಳು ನಮ್ಮನ್ನು ಬ್ಯಾಲಾರ್ಡ್ ಎಂಬಲ್ಲಿರುವ ಹಡಗು ಕಾಲುವೆಯನ್ನು ನೋಡಲು ಕರೆದೊಯ್ದಳು. ಕಾಲುವೆಯಲ್ಲಿ ನೋಡುವುದಕ್ಕೇನಿದೆ ಎಂಬ ಉದಾಸೀನದಿಂದಲೇ ಹೊರಟಿದ್ದೆ. ಎರಡು ತಾಸು ಕಳೆದರೂ ಅಲ್ಲಿಂದ ಕದಲುವ ಮನಸ್ಸಾಗಲಿಲ್ಲ.

ಒಂದು ಕಡೆ ಸಮುದ್ರದ ಉಪ್ಪುನೀರು, ಇನ್ನೊಂದು ಕಡೆ ಅದಕ್ಕಿಂತ ಸುಮಾರು 20 ಅಡಿ ಎತ್ತರದಲ್ಲಿ ಸರೋವರದ ಸಿಹಿನೀರು. ಇವೆರಡರ ನಡುವೆ ದೋಣಿಗಳನ್ನು ಏರಿಸುವ, ಇಳಿಸುವ ಕಟ್ಟೆಯನ್ನು ಅಲ್ಲಿ ‘ಲಾಕ್’ ಎನ್ನುತ್ತಾರೆ. ದೋಣಿ ಒಳಗೆ ಬಂದೊಡನೆ ಹಿಂದಿನ ಬಾಗಿಲು ಮುಚ್ಚುತ್ತದೆ. ಮೇಲಿನ ಸರೋವರದ ನೀರು ತನ್ನ ಇಳಿಜಾರಿನ ಬಲದಿಂದಲೇ ಒಳಗೆ ತುಂಬುತ್ತದೆ. ಮಟ್ಟ ಸಮನಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ದೋಣಿಯನ್ನು ಎತ್ತಲು ಪಂಪು ಬೇಕಿಲ್ಲ. ಭಾರವಾದ ಉಪ್ಪುನೀರು ತಳ ಸೇರುವುದರಿಂದ ಅದನ್ನು ಹಿಡಿದು ಮತ್ತೆ ಸಮುದ್ರದತ್ತ ಬಿಡುವ ಏರ್ಪಾಟೂ ಇದೆ. ಪಕ್ಕದಲ್ಲಿಯೇ ಸಾಲ್ಮನ್ ಮೀನುಗಳು ಹತ್ತಿಹೋಗಲು 21 ಮೆಟ್ಟಿಲುಗಳು, ಅವು ಏರುವುದನ್ನು ನೋಡಲು ಗಾಜಿನ ಕಿಟಕಿಗಳು. 1917ರಲ್ಲಿ ಆರಂಭವಾದ ಈ ಕಟ್ಟೆಯನ್ನು ಅಮೆರಿಕ ಸೇನೆಯ ಎಂಜಿನಿಯರುಗಳ ವಿಭಾಗ ಇಂದಿಗೂ ನಡೆಸುತ್ತಿದೆ. ಪ್ರವೇಶ ಶುಲ್ಕವಿಲ್ಲ.

ನನ್ನ ಪತ್ನಿ ಕೋಲಾರ ಜಿಲ್ಲೆಯ ಹಳ್ಳಿಯವಳು. ಬಾಗಿಲು ತೆರೆಯುವುದನ್ನು ನೋಡುತ್ತಲೇ ಅವಳು, ‘ನಮ್ಮೂರ ಕೆರೆಯ ತೂಬಿನ ಕೆಲಸವೇ ಅಲ್ಲವೇನ್ರೀ ಇದು?’ ಎಂದಳು. ನಾನು ನಕ್ಕೆ. ಆದರೆ ಆಲೋಚಿಸಿದಷ್ಟೂ ಅವಳ ಮಾತಿನಲ್ಲಿ ಹುರುಳಿದೆ ಎನಿಸಿತು. ಎರಡು ಕಲ್ಲುಕಂಬಗಳ ನಡುವೆ ಚಪ್ಪಡಿ, ಚಪ್ಪಡಿಯಲ್ಲಿ ರಂಧ್ರ, ರಂಧ್ರಕ್ಕೊಂದು ಬಿರಡೆ. ನೀರುಗಂಟಿ ಅದನ್ನೆತ್ತಿದಾಗ ಏರಿಯ ಕೆಳಗಿನಿಂದ ನೀರು ಅಚ್ಚುಕಟ್ಟಿಗೆ ಹರಿಯುತ್ತಿತ್ತು. ಕೆರೆ ತುಂಬಿದರೆ ಹೆಚ್ಚುವರಿ ನೀರು ಕೋಡಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ನದಿಯಿಲ್ಲದ ಬೆಂಗಳೂರಿನ ಕೆರೆಗಳ ಸರಪಣಿ ನಿಂತಿದ್ದುದು ಈ ತಿಳಿವಳಿಕೆಯ ಮೇಲೆಯೇ. ಅಲ್ಲಿ ದೋಣಿ ಮೆಟ್ಟಿಲು ಹತ್ತುತ್ತದೆ. ಇಲ್ಲಿ ನೀರು ಮೆಟ್ಟಿಲು ಇಳಿಯುತ್ತದೆ.

ನಗರದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರೆಲ್ಲ ಬೆಳ್ಳಂದೂರಿಗೆ ಬಂದು, ಅಲ್ಲಿಂದ ವರ್ತೂರಿಗೆ ಇಳಿದು, ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿನತ್ತ ಸಾಗುತ್ತದೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಬೆಂಗಳೂರಿನಲ್ಲೇ ದೊಡ್ಡದು. ಇಷ್ಟೆಲ್ಲ ಇದ್ದರೂ ಈ ಬಡಾವಣೆಗಳಲ್ಲಿ ವಾಸಿಸುವ ನಮ್ಮಲ್ಲಿ ಎಷ್ಟು ಮಂದಿ ಕೆರೆಯ ಕೋಡಿಯನ್ನು ಕಂಡಿದ್ದೇವೆ? ‘ವರ್ತೂರು ಕೋಡಿ’ ಎಂಬುದು ನಮಗೆ ಬಸ್ ನಿಲ್ದಾಣವೊಂದರ ಹೆಸರು, ಅಷ್ಟೆ.

ಹಾಗೆಂದು ಬೆಳ್ಳಂದೂರನ್ನು ಯಾರೂ ನೋಡಲು ಬಂದಿಲ್ಲವೆಂದಲ್ಲ. 2015ರ ಮೇ ತಿಂಗಳಲ್ಲಿ ಯಮಲೂರಿನ ಬಳಿ ನೊರೆಗೆ ಬೆಂಕಿ ಹತ್ತಿದಾಗ ದೇಶವಿದೇಶಗಳ ಕ್ಯಾಮೆರಾಗಳು ಬಂದವು. 2018ರ ಜನವರಿಯಲ್ಲಿ ಕೆರೆಯಂಗಳ ಹೊತ್ತಿ ಉರಿದಾಗ ನಂದಿಸಲು ಸೈನಿಕರೇ ಬರಬೇಕಾಯಿತು. ರಸ್ತೆಬದಿ ವಾಹನ ನಿಲ್ಲಿಸಿ ಜನ ಚಿತ್ರ ತೆಗೆದುಕೊಂಡರು. ಮನೆಮನೆಯ ಮಾರ್ಜಕ ಬೆರೆತ ಕೊಳಚೆ ಕೋಡಿಯಲ್ಲಿ ಧುಮುಕುವಾಗ ಕಡೆದಂತಾಗಿ ನೊರೆ ಏಳುತ್ತದೆ ಎಂಬುದನ್ನು ವಿಜ್ಞಾನಿಗಳು ವಿವರಿಸಿದ್ದಾರೆ. ಅಂದರೆ ಕೋಡಿ ನಮ್ಮ ಕಣ್ಣಿಗೆ ಬಿದ್ದದ್ದು ಅದು ನಮ್ಮದೇ ಹೊಲಸನ್ನು ನಮಗೆ ತೋರಿಸಿದಾಗ ಮಾತ್ರ. 2022ರ ಸೆಪ್ಟೆಂಬರ್ ಮಳೆಯಲ್ಲಿ ಇಲ್ಲಿಯೂ ದೋಣಿಗಳು ತೇಲಿದವು. ಕೆರೆಯಲ್ಲಲ್ಲ, ಬಡಾವಣೆಗಳ ರಸ್ತೆಗಳಲ್ಲಿ. ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು, ಎಲ್ಲಿ ಕಿರಿದಾಗಿದೆ ಎಂಬುದನ್ನು ಆ ವಾರ ನೆರೆಹೊರೆಯವರೆಲ್ಲ ವಿಚಾರಿಸಿದರು. ನೀರು ಇಳಿದ ಮೇಲೆ ಆ ಕುತೂಹಲವೂ ಇಳಿಯಿತು.

ನನ್ನ ಸೂಚನೆ ಸರಳವಾದುದು. ಕೋಡಿಯನ್ನೂ ತೂಬನ್ನೂ ಜನರು ನೋಡುವ ತಾಣವಾಗಿಸಬೇಕು. ಕೋಡಿಯ ಬಳಿ ಸುರಕ್ಷಿತವಾಗಿ ನಿಂತು ನೋಡುವ ಕಟಕಟೆಯೊಂದಿರಲಿ. ಅಂದಿನ ನೀರಿನ ಮಟ್ಟ, ಒಳಬಂದ ನೀರು, ಹೊರಹೋದ ನೀರು, ಅದರಲ್ಲಿ ಶುದ್ಧೀಕರಿಸಿದ್ದೆಷ್ಟು, ಆಗದ್ದೆಷ್ಟು ಎಂಬ ಲೆಕ್ಕವನ್ನು ಪ್ರತಿದಿನ ಕನ್ನಡದಲ್ಲಿ ಬರೆದು ಹಾಕುವ ಫಲಕವಿರಲಿ. ಕೆರೆಯ ಹಳೆಯ ಊರವರಲ್ಲಿ ನೀರುಗಂಟಿಗಳ ಕೆಲಸ ಬಲ್ಲವರಿದ್ದರೆ ಅವರೇ ಶಾಲಾ ಮಕ್ಕಳಿಗೆ ವಿವರಿಸಲಿ.

ಪ್ರವಾಸಿ ತಾಣವೆಂದೊಡನೆ ಟೈಲ್ಸಿನ ಪಾದಚಾರಿ ಪಥ, ಬಣ್ಣದ ಕಾರಂಜಿ, ತಿಂಡಿಯಂಗಡಿಗಳು ಬಂದು ಕೆರೆ ಇನ್ನಷ್ಟು ಹಾಳಾದೀತು ಎಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ನಮ್ಮ ‘ಕೆರೆ ಅಭಿವೃದ್ಧಿ’ಯ ಅನುಭವ ಅಂಥದ್ದೇ. ನಾನು ಕೇಳುತ್ತಿರುವುದು ಅಲಂಕಾರವನ್ನಲ್ಲ. ಸಿಯಾಟಲ್‌ನಲ್ಲಿ ಜನ ನೋಡುವುದು ಯಂತ್ರದ ನಿಜವಾದ ಕೆಲಸವನ್ನು. ಬಾಗಿಲು ಕೆಟ್ಟರೆ, ಮೀನು ಕಡಿಮೆಯಾದರೆ ಕಿಟಕಿಯ ಬಳಿ ನಿಂತವನಿಗೆ ಮೊದಲು ಗೊತ್ತಾಗುತ್ತದೆ. ಸಾವಿರ ಕಣ್ಣುಗಳ ಮುಂದೆ ನಿರ್ಲಕ್ಷ್ಯ ಮಾಡುವುದು ಯಾವ ಇಲಾಖೆಗೂ ಸುಲಭವಲ್ಲ.

ಆ ಕಟ್ಟೆಯೇನೂ ನಿಷ್ಕಳಂಕವಲ್ಲ. 1916ರಲ್ಲಿ ಕಾಲುವೆಗಾಗಿ ವಾಷಿಂಗ್ಟನ್ ಸರೋವರದ ಮಟ್ಟವನ್ನು ಸುಮಾರು 9 ಅಡಿ ಇಳಿಸಿದಾಗ ಅದರಿಂದ ಹೊರಡುತ್ತಿದ್ದ ಬ್ಲ್ಯಾಕ್ ನದಿ ಬತ್ತಿಹೋಯಿತು. ಆ ನದಿಯನ್ನು ನಂಬಿದ್ದ ಡುವಾಮಿಶ್ ಮೂಲನಿವಾಸಿಗಳ ಬದುಕು ಕೆಟ್ಟಿತು. ನೀರಿನ ಬಾಗಿಲು ಎಲ್ಲಿ ಕೂರಿಸಿದರೂ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಉಂಟು. ಆದ್ದರಿಂದಲೇ ಅದನ್ನು ಮುಚ್ಚಿದ ಗೇಟಿನ ಹಿಂದೆ ಇಡಬಾರದು.

ನಮ್ಮಲ್ಲಿ ಆ ಇನ್ನೊಬ್ಬರು ದೂರದವರೇನಲ್ಲ. 2018ರ ಜೂನ್‌ನಿಂದ ಇದೇ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಪೈಪುಗಳ ಮೂಲಕ ಕೋಲಾರದ ಕೆರೆಗಳಿಗೆ ಏರಿಸಲಾಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ನೀರು ಹರಿಸುವುದನ್ನು ನಿಲ್ಲಿಸಬೇಕಾಯಿತು. ಅದನ್ನು ಮೊದಲು ಗುರುತಿಸಬೇಕಾದವರು ಕೆಳಗಿನ ಊರಿನ ರೈತರೋ, ನೀರು ಬಿಡುವ ನಾವೋ? ಬತ್ತಿದ ಕೊಳವೆಬಾವಿಗಳ ಆ ಸೀಮೆಯಲ್ಲಿ ನೀರು ಬಂದುದಕ್ಕೆ ನನ್ನ ಪತ್ನಿಯ ತವರಿನವರಿಗೆ ಸಂತೋಷವಿದೆ. ಎಂಥ ನೀರು ಎಂಬ ಆತಂಕವೂ ಇದೆ. ಉತ್ತರ ಹೇಳಬೇಕಾದ ಫಲಕ ಇರಬೇಕಾದುದು ಬೆಳ್ಳಂದೂರಿನಲ್ಲಿ.

ಊರಿಗೆ ಮರಳಿದ ವಾರವೇ ನಾವಿಬ್ಬರೂ ಕೆರೆಯ ಕಡೆ ಹೋದೆವು. ಬೇಲಿಯ ಬಳಿಯಿದ್ದ ಕಾವಲುಗಾರ, ‘ಇಲ್ಲಿ ನೋಡೋದಕ್ಕೆ ಏನೂ ಇಲ್ಲ ಸಾರ್, ಹೋಗಿ’ ಎಂದ. ಅವನ ತಪ್ಪೇನಿಲ್ಲ, ನಾವೂ ಇಷ್ಟು ವರ್ಷ ಹಾಗೆಯೇ ನಂಬಿದ್ದೆವು. 2020ರಿಂದೀಚೆಗೆ ಹೂಳೆತ್ತುವ ಕೆಲಸ ನಡೆದಿದೆ, ಗಡುವುಗಳು ಮುಂದೆ ಹೋಗಿವೆ. ಆ ಕೆಲಸ ಮುಗಿದಾಗ ಬೇಲಿಯೊಳಗೆ ಏನನ್ನು ಉಳಿಸಿಕೊಳ್ಳಬೇಕೆಂಬುದನ್ನು ಈಗಲೇ ನಿರ್ಧರಿಸಬೇಕು. ವಾಯುವಿಹಾರದ ಪಥವೊಂದೇ ಸಾಲದು. ನೀರು ಒಳಬರುವ ಜಾಗವನ್ನೂ ಹೊರಹೋಗುವ ಜಾಗವನ್ನೂ ನಾಗರಿಕರು ನಿಂತು ನೋಡುವಂತಿರಬೇಕು.