ವಿಳಾಸ ಬದಲಾದರೂ ಹೆಸರು ಉಳಿಯಲಿ

ಜರ್ಮನಿಯ ನಮ್ಮ ಮನೆಯಲ್ಲಿರುವ ಪುಟ್ಟ ಕಂಪ್ಯೂಟರೊಂದರಲ್ಲಿ ಮಗಳ ಫೋಟೋಗಳನ್ನು ಇರಿಸಿದ್ದೇನೆ. ಶಿವಮೊಗ್ಗದಲ್ಲಿರುವ ಅಮ್ಮ ದಿನವೂ ತಮ್ಮ ಫೋನಿನಲ್ಲಿ ಅವನ್ನು ನೋಡುತ್ತಾರೆ. ಒಂದು ಬೆಳಿಗ್ಗೆ ಪುಟ ತೆರೆಯಲಿಲ್ಲ; ಮಗುವಿಗೆ ಹುಷಾರಿಲ್ಲವೇನೋ ಎಂದು ಅವರು ದಿನವಿಡೀ ಕಳವಳಪಟ್ಟರು. ಆದದ್ದು ಇಷ್ಟೇ: ರಾತ್ರಿ ನಮ್ಮ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸ ಬದಲಾಗಿತ್ತು.

ಇಲ್ಲಿನ ಹಲವು ಡಿಎಸ್‌ಎಲ್ ಸಂಪರ್ಕಗಳು 24 ಗಂಟೆಗೊಮ್ಮೆ ಕಡಿದು, ಹೊಸ ವಿಳಾಸದೊಂದಿಗೆ ಮರಳುವುದು ಹಳೆಯ ರೂಢಿ. ಪ್ರತಿ ಸಲವೂ ಹೊಸ ಅಂಕಿಗಳನ್ನು ಹೆತ್ತವರಿಗೆ ಕಳುಹಿಸುವುದು ಪರಿಹಾರವಲ್ಲ. ಡೈನಾಮಿಕ್ ಡಿಎನ್‌ಎಸ್ ಸೇವೆಯಲ್ಲಿ ಒಂದು ಹೆಸರು ಪಡೆದು, ಅದರ ವಿವರಗಳನ್ನು ರೂಟರಿನಲ್ಲಿ ಒಮ್ಮೆ ತುಂಬಿದರೆ ಸಾಕು; ವಿಳಾಸ ಬದಲಾದೊಡನೆ ರೂಟರೇ ಆ ಸೇವೆಗೆ ತಿಳಿಸುತ್ತದೆ. ಅಮ್ಮನ ಪಾಲಿಗೆ ಹೆಸರು ಅದೇ ಇರುತ್ತದೆ.

ಎರಡು ಎಚ್ಚರಿಕೆಗಳು. ಒಂದೇ ಐಪಿವಿ4 ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಸಂಪರ್ಕಗಳಲ್ಲಿ ಈ ಉಪಾಯವೊಂದೇ ಸಾಲದು; ಸಂಪರ್ಕ ಪಡೆಯುವ ಮೊದಲೇ ವಿಚಾರಿಸಿ. ಹಾಗೆಯೇ, ಹೆಸರು ಬಾಗಿಲನ್ನು ತೋರಿಸುತ್ತದೆಯೇ ಹೊರತು ಬೀಗ ಹಾಕುವುದಿಲ್ಲ. ಆದ್ದರಿಂದ ಅಮ್ಮನ ಫೋನಿನಲ್ಲಿ ವಿಪಿಎನ್ ಹಾಕಿಕೊಟ್ಟಿದ್ದೇನೆ.

ಇದನ್ನು ಹವ್ಯಾಸಿಗಳ ಆಟವೆನ್ನುವವರಿದ್ದಾರೆ, ನಾನು ಕರ್ತವ್ಯವೆನ್ನುತ್ತೇನೆ. ಊರು ಬಿಟ್ಟು ಬಂದವರು ನಾವು. ನಮ್ಮನ್ನು ಹುಡುಕುವ ಶ್ರಮ ಹೆತ್ತವರದಾಗಬಾರದು.