ಕಾಣೆಯಾದ ಕೊಂಡಿ

2024ರ ಆಗಸ್ಟ್ 10ರ ರಾತ್ರಿ, ಹೊಸಪೇಟೆಯವರು ಟಿ.ಬಿ. ಡ್ಯಾಂ ಎಂದು ಕರೆಯುವ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಯಿತು. ಗೇಟು ನೀರಿನೊಡನೆ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಕಾಲ. ಕೆಳಗೆ ಹಂಪಿಯ ಪುರಂದರ ಮಂಟಪ, ಅದರಾಚೆ ಕಂಪ್ಲಿಯ ಸೇತುವೆ, ಕಾಲುವೆಯ ನೀರು ನಂಬಿ ನಾಟಿ ಮಾಡಿದ್ದ ರೈತರು. ಹೋದದ್ದು 33 ಗೇಟುಗಳಲ್ಲಿ ಒಂದೇ ಒಂದು. ಆದರೂ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ, ಬೆಳೆಗೆಂದು ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ತೋರಣಗಲ್ಲಿನ ಜಿಂದಾಲ್ ಸೇರಿದಂತೆ ಸುತ್ತಲಿನ ಕಾರ್ಖಾನೆಗಳಲ್ಲಿ ತಯಾರಾದ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡಹಲಗೆಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಆ ಬಾಯಿ ಮುಚ್ಚಿದರು. ಅಷ್ಟು ದೊಡ್ಡ ಕಟ್ಟೆಗೆ ಏನೂ ಆಗಿರಲಿಲ್ಲ. ಕೈಕೊಟ್ಟದ್ದು ಒಂದು ಚೈನು.

ಇದೇ ಬಗೆಯ ಪ್ರಸಂಗ, ಇಷ್ಟು ಸದ್ದು ಮಾಡದೆ, ಕಂಪ್ಯೂಟರುಗಳ ಒಳಗೆ ದಿನವೂ ನಡೆಯುತ್ತದೆ. ಬ್ಯಾಂಕಿನ ಲೆಕ್ಕವಾಗಲಿ, ರೈಲಿನ ಟಿಕೇಟಾಗಲಿ, ಇಂದು ಯಾವ ತಂತ್ರಾಂಶವನ್ನೂ ಯಾರೂ ಒಬ್ಬರೇ ಕೂತು ಮೊದಲಿನಿಂದ ಕೊನೆಯವರೆಗೆ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ನೂರಾರು ತುಂಡುಗಳನ್ನು ತಂದು ಜೋಡಿಸುತ್ತಾರೆ. ಈ ತುಂಡುಗಳಿಗೆ ಆ ವೃತ್ತಿಯವರು ಡಿಪೆಂಡೆನ್ಸಿ, ಅಂದರೆ ಅವಲಂಬನೆ, ಎನ್ನುತ್ತಾರೆ. ಒಂದು ತುಂಡು ಸಿಗದಿದ್ದರೆ ಇಡೀ ಕಟ್ಟಡ ಮೇಲೇಳುವುದಿಲ್ಲ.

ಕಂಪ್ಲಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಇಂಜಿನಿಯರಿಂಗ್ ಮುಗಿಸಿದ ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಮೊದಲ ನೌಕರಿ, ಇನ್ನೂ ಖಾಯಂ ಆಗಿಲ್ಲ. ಬೆಳಗಾಗುವಷ್ಟರಲ್ಲಿ ಜಾವಾ ಭಾಷೆಯ ಪ್ರೋಗ್ರಾಮೊಂದನ್ನು ಕಟ್ಟಿ ಒಪ್ಪಿಸಬೇಕು. ಗುಂಡಿ ಒತ್ತಿದರೆ ತೆರೆಯ ತುಂಬ ಕೆಂಪು ಅಕ್ಷರ: ಕುಡ್ ನಾಟ್ ರಿಸಾಲ್ವ್ ಡಿಪೆಂಡೆನ್ಸೀಸ್. ಬೇಕಾದ ತುಂಡು ಸಿಗಲಿಲ್ಲ ಎಂದರ್ಥ. ಬೆಂಗಳೂರಿನ ಹಿರಿಯ ಸಹೋದ್ಯೋಗಿಗೆ ಫೋನು ಮಾಡಿದಳು.

‘ಸರ್, ನಮ್ಮದೇ ಒಂದು ಲೈಬ್ರರಿ ಸಿಗ್ತಾ ಇಲ್ಲ ಅಂತ ತೋರಿಸ್ತಿದೆ.’

‘ಹೌದಾ? ನನ್ನ ಹತ್ರ ಸರಿಯಾಗೇ ಓಡ್ತಾ ಇದೆಯಲ್ಲಮ್ಮಾ!’

ಈ ಒಂದು ಮಾತಿನಿಂದ ಜಗತ್ತಿನಲ್ಲಿ ಎಷ್ಟು ರಾತ್ರಿಗಳು ಹಾಳಾಗಿವೆಯೋ ದೇವರೇ ಬಲ್ಲ. ಆದರೆ ಆತ ಸುಳ್ಳು ಹೇಳುತ್ತಿಲ್ಲ. ಅದು ಅರ್ಥವಾಗಬೇಕಾದರೆ ಈ ಕಟ್ಟುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾವನ್ನು ಲೋಕಕ್ಕೆ ಕೊಟ್ಟದ್ದು 1995ರಲ್ಲಿ. ಮೊದಮೊದಲು ಬೇರೆಯವರ ತುಂಡು ಬೇಕಾದರೆ ಅದನ್ನು ಫ್ಲಾಪಿಯಲ್ಲೋ ಸಿ.ಡಿ.ಯಲ್ಲೋ ತಂದು ಒಂದು ಫೋಲ್ಡರಿಗೆ ಸುರಿದುಕೊಳ್ಳುತ್ತಿದ್ದರು. ಯಾವುದು ಯಾವ ಆವೃತ್ತಿ, ಯಾರು ತಂದದ್ದು, ಏತಕ್ಕೆ ತಂದದ್ದು ಎಂಬುದು ತಂದವನಿಗೂ ಆರು ತಿಂಗಳಲ್ಲಿ ಮರೆತುಹೋಗುತ್ತಿತ್ತು. ಈ ಗೋಜಲಿಗೆ ಬೇಸತ್ತವರಲ್ಲಿ ಜೇಸನ್ ವ್ಯಾನ್ ಜಿಲ್ ಒಬ್ಬರು. ಅವರು ಆರಂಭಿಸಿದ ಮೇವನ್ ಎಂಬ ಸಲಕರಣೆಯ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಬಂತು. ಯಿಡ್ಡಿಷ್ ಭಾಷೆಯಲ್ಲಿ ಮೇವನ್ ಎಂದರೆ ಬಲ್ಲವನು. ಪ್ರೋಗ್ರಾಮು ಬರೆಯುವವರು ತಮಗೆ ಬೇಕಾದ ತುಂಡುಗಳ ಪಟ್ಟಿಯನ್ನು ಪಾಮ್ ಎಂಬ ಕಡತದಲ್ಲಿ ಬರೆದಿಟ್ಟರೆ ಸಾಕು. ಮೇವನ್ ಸೆಂಟ್ರಲ್ ಎಂಬ ಮಹಾ ಉಗ್ರಾಣಕ್ಕೆ ಹೋಗಿ ಅದೇ ತರುತ್ತದೆ. ತಂದದ್ದನ್ನು ನಮ್ಮ ಯಂತ್ರದಲ್ಲೇ ಡಾಟ್ ಎಂ ಟೂ ಎಂಬ ಫೋಲ್ಡರಿನಲ್ಲಿ, ಅಡುಗೆಮನೆಯ ಕಪಾಟಿನಂತೆ, ಜೋಡಿಸಿಡುತ್ತದೆ. ಮುಂದಿನ ಸಲ ಕಪಾಟಿನಲ್ಲಿದ್ದರೆ ಪೇಟೆಗೆ ಹೋಗುವುದಿಲ್ಲ.

ಉಗ್ರಾಣದಲ್ಲಿರುವ ಲಕ್ಷಾಂತರ ತುಂಡುಗಳಲ್ಲಿ ಬೇಕಾದದ್ದನ್ನು ಗುರುತಿಸುವುದು ಹೇಗೆ? ಹಂಪಿಯಂಥ ಸ್ಮಾರಕಗಳಲ್ಲಿ ಹಳೆಯ ಮಂಟಪ ಬಿಚ್ಚಿ ಮತ್ತೆ ನಿಲ್ಲಿಸುವಾಗ ಪ್ರತಿ ಕಲ್ಲಿಗೂ ಸಂಖ್ಯೆ ಬರೆಯುತ್ತಾರೆ. ಸಂಖ್ಯೆ ತಪ್ಪಿದರೆ ಕಲ್ಲು ಎದುರಿಗೇ ಬಿದ್ದಿದ್ದರೂ ಸಿಕ್ಕಿದಂತಲ್ಲ. ಮೇವನ್ನಿನಲ್ಲೂ ಹಾಗೆಯೇ: ಯಾರ ಮನೆತನ, ಯಾವ ಹೆಸರು, ಎಷ್ಟನೆಯ ಆವೃತ್ತಿ, ಈ ಮೂರೂ ಅಕ್ಷರ ಬಿಡದೆ ಕೂಡಿಬರಬೇಕು. ‘ಸಿಗಲಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟು ಬರಿಯ ಅಕ್ಷರದ ತಪ್ಪುಗಳು, ಇಲ್ಲವೇ ಹುಟ್ಟಿಯೇ ಇರದ ಆವೃತ್ತಿಯನ್ನು ಕೇಳಿದ ತಪ್ಪುಗಳು. ಅನುಭವಿಗಳು ಮೊದಲು ನೋಡುವುದು ಇದನ್ನೇ. ಕಾಲೇಜು, ಕಚೇರಿಗಳಲ್ಲಿ ಇನ್ನೊಂದು ತೊಡಕಿದೆ. ಹೊರಗಿನ ಜಾಲಕ್ಕೆ ಹೋಗಲು ಪ್ರಾಕ್ಸಿ ಎಂಬ ಬಾಗಿಲು ದಾಟಬೇಕು. ಬ್ರೌಸರಿಗೆ ಆ ಬಾಗಿಲು ಗೊತ್ತಿರುತ್ತದೆ, ಮೇವನ್ನಿಗೆ ಬೇರೆಯಾಗಿ ಸೆಟ್ಟಿಂಗ್ಸ್ ಕಡತದಲ್ಲಿ ಹೇಳಬೇಕು. ಹೇಳದಿದ್ದರೆ, ಇಂಟರ್ನೆಟ್ ಇದ್ದೂ ಇಲ್ಲ.

ಕೆಲವೊಮ್ಮೆ ತಪ್ಪು ನಮ್ಮದಲ್ಲ, ಉಗ್ರಾಣದ್ದು. ಒರಾಕಲ್ ಡೇಟಾಬೇಸಿಗೆ ಬೇಕಾದ ಚಾಲಕ ತಂತ್ರಾಂಶ 2019ರವರೆಗೂ ಸೆಂಟ್ರಲ್‌ನಲ್ಲಿ ಇರಲಿಲ್ಲ. ಒರಾಕಲ್ಲಿನ ತಾಣದಿಂದ ಇಳಿಸಿಕೊಂಡು ಕೈಯಾರೆ ಕಪಾಟಿಗೆ ಸೇರಿಸಬೇಕಿತ್ತು. 2020ರ ಜನವರಿ 15ರಿಂದ ಸೆಂಟ್ರಲ್ ಭದ್ರತೆಯಿಲ್ಲದ ಹಳೆಯ ದಾರಿಯನ್ನು ಮುಚ್ಚಿತು. ವಿಳಾಸದಲ್ಲಿ ಎಚ್‌ಟಿಟಿಪಿಯ ಕೊನೆಗೆ ಒಂದು ‘ಎಸ್’ ಇಲ್ಲದವರಿಗೆಲ್ಲ ಮರುದಿನ 501 ಎಂಬ ಸಂಖ್ಯೆಯ ತಿರಸ್ಕಾರ. 2021ರಲ್ಲಿ ಜೆಫ್ರಾಗ್ ಕಂಪನಿ ತನ್ನ ಜೆಸೆಂಟರ್ ಉಗ್ರಾಣವನ್ನು ನಿಲ್ಲಿಸುವುದಾಗಿ ಸಾರಿದಾಗ ಆಂಡ್ರಾಯ್ಡ್ ಆಪ್ ಕಟ್ಟುವವರು ವಿಳಾಸ ಬದಲಿಸಲು ಪರದಾಡಿದರು. ಇನ್ನು ಜಾವಾ ಮನೆಯೊಳಗೇ ಇದ್ದ ಕೆಲವು ಸಾಮಾನನ್ನು 2018ರ ಸೆಪ್ಟೆಂಬರಿನ 11ನೇ ಆವೃತ್ತಿಯಲ್ಲಿ ಹೊರಗಿಟ್ಟರು. ಎಕ್ಸ್‌ಎಂಎಲ್ ಓದಿ ಬರೆಯುವ ಜಾಕ್ಸ್‌ಬಿ ಅದರಲ್ಲೊಂದು. ಅದುವರೆಗೆ ಯಾರೂ ಅದನ್ನು ಪಟ್ಟಿಯಲ್ಲಿ ಬರೆದಿರಲಿಲ್ಲ, ಮನೆಯಲ್ಲೇ ಇರುವ ಉಪ್ಪನ್ನು ಚೀಟಿಯಲ್ಲಿ ಬರೆಯುವವರುಂಟೆ? ಹೊಸ ಜಾವಾ ಹಾಕಿದ ದಿನ ಹಳೆಯ ಪ್ರೋಗ್ರಾಮುಗಳೆಲ್ಲ ಉಪ್ಪಿಲ್ಲ ಎಂದು ಕೂಗಿಕೊಂಡವು. ಚೀಟಿಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸ, ತಿಳಿದವರಿಗೆ.

ನಿಜವಾದ ತಲೆನೋವು ಬೇರೆ. ನಾವು ಕೇಳಿದ ತುಂಡಿಗೆ ತನ್ನದೇ ಅವಲಂಬನೆಗಳಿರುತ್ತವೆ, ಅವಕ್ಕೆ ಮತ್ತೆ ಅವುಗಳದು. ಸಂಡೂರಿನ ಲಂಬಾಣಿ ಕಸೂತಿಯನ್ನು ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಹೊಲಿಗೆ ಸಂಡೂರಿನದೇ. ಆದರೆ ಆ ಕಸೂತಿಗೆ ಮೆರುಗು ಕೊಡುವ ಕವಡೆ ಸಂಡೂರಿನ ಗುಡ್ಡದಲ್ಲಿ ಹುಟ್ಟುವುದಿಲ್ಲ, ಸಮುದ್ರದಿಂದ ಬರಬೇಕು. ಚೀಲ ಕೊಳ್ಳುವವರು ಕೇಳುವುದು ಚೀಲವನ್ನು. ಕವಡೆಯನ್ನು ಅವರು ಕೇಳಿರುವುದಿಲ್ಲ, ಆದರೂ ಕವಡೆ ಬಾರದಿದ್ದರೆ ಅವರಿಗೆ ಆ ಚೀಲ ಇಲ್ಲ.

ದೋಷ ಸಂದೇಶ ಹೇಳುವುದು ಕೊನೆಯ ಕವಡೆಯ ಹೆಸರನ್ನು. ಓದಿದವರಿಗೆ ಗಾಬರಿ: ‘ಇದನ್ನು ಕೇಳಿದವರು ಯಾರು? ನಾನಲ್ಲವಲ್ಲ!’ ಆಗ ಮಾಡಬೇಕಾದದ್ದು ಒಂದೇ, ಮೇವನ್ನಿಗೆ ‘ಡಿಪೆಂಡೆನ್ಸಿ ಟ್ರೀ’ ಎಂಬ ಆಜ್ಞೆ ಕೊಡುವುದು. ಯಾರು ಯಾರನ್ನು ಕೇಳಿದರು, ಅವರು ಮತ್ತಾರನ್ನು ಕೇಳಿದರು ಎಂಬ ವಂಶಾವಳಿಯನ್ನು ಅದು ಮುಂದಿಡುತ್ತದೆ. ಒಂದೇ ತುಂಡಿನ ಎರಡು ಆವೃತ್ತಿಗಳನ್ನು ಇಬ್ಬರು ಕೇಳಿದ್ದರೆ, ವಂಶಾವಳಿಯಲ್ಲಿ ನಮಗೆ ಹತ್ತಿರವಿರುವವರು ಕೇಳಿದ್ದನ್ನೇ ಮೇವನ್ ಎತ್ತಿಕೊಳ್ಳುತ್ತದೆ. ಅದು ಹೊಸದೇ ಆಗಿರಬೇಕೆಂದಿಲ್ಲ. ಹಳೆಯದು ಗೆದ್ದರೆ ಕಟ್ಟುವಾಗ ಎಲ್ಲ ಸರಿ, ಓಡಿಸುವಾಗ ‘ಈ ಕೆಲಸ ನನಗೆ ಗೊತ್ತಿಲ್ಲ’ ಎಂದು ಪ್ರೋಗ್ರಾಮು ಕುಸಿಯುತ್ತದೆ. ಬೇಕಾದ ಆವೃತ್ತಿಯನ್ನು ನಮ್ಮ ಚೀಟಿಯಲ್ಲೇ ನೇರವಾಗಿ ಬರೆದುಬಿಡುವುದು ಇದಕ್ಕೆ ಮದ್ದು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ಸಹಾಯಕ ತುಂಡಿನಲ್ಲಿ ಭಾರಿ ಬಿರುಕು ಕಂಡಾಗ ಎಷ್ಟೋ ದೊಡ್ಡ ಸಂಸ್ಥೆಗಳಿಗೆ ಅದು ತಮ್ಮಲ್ಲಿದೆಯೋ ಇಲ್ಲವೋ ಎಂಬುದೇ ತಿಳಿದಿರಲಿಲ್ಲ. ವಂಶಾವಳಿ ತೆಗೆದು ನೋಡಿದ ಮೇಲೆಯೇ ತಿಳಿದದ್ದು.

ಜಾವಾಸ್ಕ್ರಿಪ್ಟಿನ ಲೋಕದಲ್ಲಿ ಇದಕ್ಕಿಂತ ತಮಾಷೆ ನಡೆದಿತ್ತು. 2016ರ ಮಾರ್ಚಿನಲ್ಲಿ ಒಬ್ಬ ಲೇಖಕ ಜಗಳವಾಡಿ ತನ್ನ ತುಂಡುಗಳನ್ನೆಲ್ಲ ಉಗ್ರಾಣದಿಂದ ಹಿಂತೆಗೆದುಕೊಂಡ. ಅದರಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನದೂ ಒಂದು. ಕೆಲವು ತಾಸು ಸಾವಿರಾರು ಪ್ರೋಗ್ರಾಮುಗಳು ಕಟ್ಟಲಾಗದೆ ನಿಂತವು. ಮೇವನ್ ಸೆಂಟ್ರಲ್‌ನವರು ಈ ವಿಷಯದಲ್ಲಿ ಕಟ್ಟುನಿಟ್ಟು: ಒಮ್ಮೆ ಇಟ್ಟದ್ದನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಹೀಗಾಗಿ ಅಲ್ಲಿ ‘ಇತ್ತು, ಈಗಿಲ್ಲ’ ಎಂಬುದಕ್ಕಿಂತ ‘ಇದೆ, ಆದರೆ ಕಾಣುತ್ತಿಲ್ಲ’ ಎಂಬುದೇ ಹೆಚ್ಚು.

ಕಂಪ್ಲಿಯ ಹುಡುಗಿಗೆ ಕಾಣದ್ದು ಸೆಂಟ್ರಲ್‌ನ ತುಂಡಲ್ಲ, ಕಂಪನಿಯದೇ ತುಂಡು. ಕಂಪನಿಗೆ ಬೆಂಗಳೂರಿನಲ್ಲಿ ತನ್ನದೇ ಸಣ್ಣ ಉಗ್ರಾಣವಿದೆ. ಅವಳು ವಿಳಾಸ ನೋಡಿದಳು, ಸರಿಯಿದೆ. ಹೆಸರು, ಆವೃತ್ತಿ ಸರಿಯಿದೆ. ಬ್ರೌಸರಿನಲ್ಲಿ ಉಗ್ರಾಣ ತೆರೆದರೆ ಆ ತುಂಡು ಅಲ್ಲಿ ಇಲ್ಲವೇ ಇಲ್ಲ! ಮತ್ತೆ ಫೋನು. ಆಗ ಗುಟ್ಟು ಹೊರಬಿತ್ತು. ತುಂಡು ಕಟ್ಟಿದ ಆ ಸಹೋದ್ಯೋಗಿ ‘ಇನ್‌ಸ್ಟಾಲ್’ ಎಂದು ಆಜ್ಞೆ ಕೊಟ್ಟಿದ್ದರು, ‘ಡಿಪ್ಲಾಯ್’ ಎಂದಲ್ಲ. ಮೊದಲನೆಯದು ತನ್ನ ಯಂತ್ರದ ಕಪಾಟಿಗೆ ಹಾಕುತ್ತದೆ, ಎರಡನೆಯದು ಎಲ್ಲರ ಉಗ್ರಾಣಕ್ಕೆ. ಅವರ ಕಪಾಟಿನಲ್ಲಿ ಇತ್ತು, ಅವರಿಗೆ ಓಡುತ್ತಿತ್ತು. ‘ಅಯ್ಯೋ, ಮರ್ತೇಬಿಟ್ಟೆ ಕಣಮ್ಮಾ’ ಎಂದು ಅವರು ಆಗಲೇ ಉಗ್ರಾಣಕ್ಕೆ ಹಾಕಿದರು.

ಅವಳು ಮತ್ತೆ ಗುಂಡಿ ಒತ್ತಿದಳು. ಮತ್ತೆ ಕೆಂಪು. ಬ್ರೌಸರಿನಲ್ಲಿ ಈಗ ತುಂಡು ಕಾಣುತ್ತಿದೆ, ಮೇವನ್ ಮಾತ್ರ ಇಲ್ಲ ಎನ್ನುತ್ತಿದೆ. ರಾತ್ರಿ ಹನ್ನೊಂದಾಗಿತ್ತು. ಇಂಥ ಹೊತ್ತಿನಲ್ಲಿ ಬಹಳ ಜನ ಡಾಟ್ ಎಂ ಟೂ ಫೋಲ್ಡರನ್ನೇ ಪೂರ್ತಿ ಅಳಿಸಿಬಿಡುತ್ತಾರೆ. ಒಂದು ಗೇಟಿಗಾಗಿ 33 ಗೇಟು ಎತ್ತಿದಂತೆ. ಡ್ಯಾಮಿನಲ್ಲಿ ಬೇರೆ ದಾರಿ ಇರಲಿಲ್ಲ, ಇಲ್ಲಿ ಇದೆ. ಅಳಿಸಿದರೆ ವರ್ಷಗಟ್ಟಲೆ ಕೂಡಿದ ಸಾಮಾನನ್ನೆಲ್ಲ ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ಮತ್ತೆ ಇಳಿಸಿಕೊಳ್ಳುತ್ತ ಬೆಳಗು ಮಾಡಬೇಕು. ಇನ್ನು ಕೆಲವರು ಗೆಳೆಯರಿಂದ ಆ ತುಂಡನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ತಮ್ಮ ಡೆಸ್ಕ್‌ಟಾಪಿನ ವಿಳಾಸವನ್ನು ಪಾಮ್ ಕಡತದಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಅವರಿಗೆ ಓಡುತ್ತದೆ. ಮರುದಿನ ಬೇರೆ ಯಾರೋ ‘ನನಗೆ ಸಿಗ್ತಾ ಇಲ್ಲ’ ಎನ್ನುತ್ತಾರೆ.

‘ಏನವ್ವಾ, ಇನ್ನೂ ಮುಗೀಲಿಲ್ಲೇನು? ಒಂದಿಷ್ಟು ಚಾನಾದ್ರೂ ಮಾಡ್ಕಂಡು ಕುಡಿ’ ಎಂದರು ತಾಯಿ.

‘ಸಕ್ರಿ ಎಲ್ಲೈತಮ್ಮಾ? ಡಬ್ಬಿ ಖಾಲಿ.’

‘ಬೆಳಿಗ್ಗೆ ಖಾಲಿ ಇತ್ತು ಅಂತ ಈಗ್ಲೂ ಖಾಲಿ ಇರ್ತೈತೇನು? ಮಧ್ಯಾಹ್ನ ತಂದು ಹಾಕೀನಿ. ಮುಚ್ಚಳ ತಗದು ನೋಡು.’

ಮೇವನ್ ಮಾಡುತ್ತಿದ್ದುದೂ ಇದನ್ನೇ. ಅದು ಉಗ್ರಾಣಕ್ಕೆ ಹೋಗಿ ಒಂದು ತುಂಡು ಸಿಗದೆ ಬಂದರೆ ಆ ಸೋಲನ್ನೂ ಕಪಾಟಿನಲ್ಲಿ ಬರೆದಿಡುತ್ತದೆ. ತುಂಡಿನ ಜಾಗದಲ್ಲಿ ‘ಲಾಸ್ಟ್ ಅಪ್‌ಡೇಟೆಡ್’ ಎಂದು ಕೊನೆಯಾಗುವ ಹೆಸರಿನ ಚೀಟಿಯೊಂದು ಕೂತಿರುತ್ತದೆ. ಪದೇಪದೇ ಪೇಟೆಗೆ ಅಲೆಯುವುದು ಬೇಡವೆಂಬ ಮಿತವ್ಯಯ. ಬೇರೆ ಹೇಳದಿದ್ದರೆ ಒಂದು ದಿನ ಕಳೆಯುವವರೆಗೆ ಅದು ಮತ್ತೆ ಹೋಗಿ ನೋಡುವುದಿಲ್ಲ. ಸಂದೇಶದಲ್ಲೂ ಇದನ್ನು ಹೇಳಿರುತ್ತದೆ: ಮೊದಲ ಸಲ ‘ಸಿಗಲಿಲ್ಲ’ ಎಂದಷ್ಟೇ ಇದ್ದದ್ದು, ಎರಡನೆಯ ಸಲ ‘ಹಿಂದಿನ ಪ್ರಯತ್ನದಲ್ಲಿ ಸಿಕ್ಕಿರಲಿಲ್ಲ, ಆ ಸೋಲನ್ನು ನೆನಪಿಟ್ಟಿದ್ದೇನೆ’ ಎಂದಾಗಿರುತ್ತದೆ. ಎರಡೂ ಕೆಂಪು ಅಕ್ಷರವೇ ಆದ್ದರಿಂದ ಯಾರೂ ಪೂರ್ತಿ ಓದುವುದಿಲ್ಲ, ಅಷ್ಟೆ.

ಅವಳು ಪೂರ್ತಿ ಓದಿದಳು. ಆಜ್ಞೆಯ ಕೊನೆಗೆ ಒಂದು ಅಡ್ಡಗೆರೆ, ದೊಡ್ಡಕ್ಷರದ ‘ಯು’ ಸೇರಿಸಿದಳು. ಹಳೆಯ ನೆನಪು ಬಿಟ್ಟು ಹೋಗಿ ನೋಡಿ ಬಾ ಎಂದು ಹೇಳುವ ಬಗೆ ಅದು. ಎರಡು ನಿಮಿಷ ಸಾಲುಗಳು ಓಡಿದವು. ‘ಬಿಲ್ಡ್ ಸಕ್ಸೆಸ್’ ಎಂದು ಬಂದಾಗ ಒಲೆಯ ಮೇಲೆ ಚಹಾ ಉಕ್ಕಿ ಹೋಗಿತ್ತು.

ಮಲಗುವ ಮುನ್ನ ಅವಳು ಡಿಪೆಂಡೆನ್ಸಿ ಟ್ರೀ ತೆಗೆದು, ಕಂಪನಿಯ ಸ್ವಂತ ತುಂಡುಗಳನ್ನೆಲ್ಲ ಆರಿಸಿ, ಒಂದೊಂದೂ ಉಗ್ರಾಣದಲ್ಲಿದೆಯೇ ಎಂದು ನೋಡಿದಳು. ಇನ್ನೆರಡು ಇರಲಿಲ್ಲ. ಅವು ಅವಳ ಯಂತ್ರದಲ್ಲಿ ಹೇಗೋ ಇದ್ದವು, ಹಾಗಾಗಿ ದೂರು ಬಂದಿರಲಿಲ್ಲ. ಬೆಳಿಗ್ಗೆ ಆರಕ್ಕೆ ಬೆಂಗಳೂರಿಗೆ ಸಂದೇಶ ಹೋಯಿತು: ‘ಸರ್, ಇನ್ನೆರಡು ನಿಮ್ಮ ಕಪಾಟಿನಲ್ಲೇ ಉಳಿದಿರಬೇಕು. ದಯವಿಟ್ಟು ಡಿಪ್ಲಾಯ್ ಮಾಡಿ.’